ಕೆಂಚಪ್ಪನ ಮೇಲಿನ ಹಟಕ್ಕೆ ಬಿಟ್ಟ ಬೀಡಿ

ಬೀಡಿ ಬಿಟ್ಟರೆ ಉಬ್ಬಸ ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಬೀಡಿ ಬಿಟ್ಟದ್ದು ಉಬ್ಬಸ ಇಳಿಯಲಿ ಎಂದಲ್ಲ, ಕೆಂಚಪ್ಪನ ಸೊಕ್ಕು ಇಳಿಯಲಿ ಎಂದು. ಎರಡೂ ಇಳಿಯುವ ಮೊದಲು ನಾನೇ ಸಾಯಲು ಹೊರಟೆ. ದಿನಾ ಮಾತ್ರೆ ನುಂಗುತ್ತ, ಬೀಡಿ ಸೇದುತ್ತ, ಕಾಫಿ ಕುಡಿಯುತ್ತ ಇರುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಈ ಮೂರಕ್ಕೂ ಹೊಟ್ಟೆಯೊಳಗೆ ಏನೋ ವ್ಯವಹಾರವಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅವರಿಗಾದರೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಕೆಂಚಪ್ಪನ ಮನೆಯವರು ಓದಿದರೆ ಇನ್ನೂ ಸಂತೋಷ.

ನಮ್ಮದು ಮತ್ತೋಡಿನ ಕಡೆಯ ಒಂದು ಊರು. ಕುರಿ, ಒಂದಿಷ್ಟು ಹೊಲ, ಮನೆಯೊಳಗೊಂದು ಕಂಬಳಿ ಮಗ್ಗ, ಇಷ್ಟು ನಮ್ಮ ಜನರ ಬದುಕು. ನಮ್ಮ ಮನೆತನಕ್ಕೆ ಮಾತ್ರ ಇನ್ನೊಂದು ಹಕ್ಕಿತ್ತು. ವರ್ಷಕ್ಕೊಮ್ಮೆ ಬೀರಪ್ಪನ ಗುಡಿಯಲ್ಲಿ ಹೊಸ ಕರಿಕಂಬಳಿ ಹಾಸಿ, ಅದರ ಮೇಲೆ ದೇವರನ್ನು ಕೂರಿಸಿ ಪೂಜೆ ಮಾಡುತ್ತಾರೆ. ಅದಕ್ಕೆ ಗದ್ದುಗೆ ಎನ್ನುತ್ತೇವೆ. ಆ ಕಂಬಳಿಯನ್ನು ನೇಯುತ್ತಿದ್ದವರು ನನ್ನ ಅಜ್ಜ, ಆಮೇಲೆ ಅಪ್ಪ, ಆಮೇಲೆ ನಾನು. ಅದಕ್ಕೆ ಕೂಲಿಯಿಲ್ಲ. ಗದ್ದುಗೆಯ ದಿನ ಮೊದಲ ತೀರ್ಥ ನೇಯ್ದವನಿಗೆ. ಊರ ಗೌಡರೂ ಅವನ ಹಿಂದೆ ನಿಲ್ಲಬೇಕು. ಈ ತೀರ್ಥದ ಮೇಲೆ ಕಣ್ಣಿಟ್ಟವನು ಕೆಂಚಪ್ಪ, ನನ್ನ ದೊಡ್ಡಪ್ಪನ ಮಗ. ಅವನ ಮಗ್ಗಕ್ಕೂ ನನ್ನ ಮಗ್ಗಕ್ಕೂ ನಡುವೆ ಒಂದು ಮಣ್ಣಿನ ಗೋಡೆ ಅಷ್ಟೆ. ಅವನು ಲಾಳಿ ಎಸೆದ ಸದ್ದು ನನಗೆ ಕೇಳುತ್ತಿತ್ತು, ನಾನು ಕೆಮ್ಮಿದ ಸದ್ದು ಅವನಿಗೆ.

ಕೆಮ್ಮು ಶುರುವಾದದ್ದು ಎಪ್ಪತ್ತರ ದಶಕದ ನಡುವಿನಲ್ಲಿ, ನನಗೆ ಮೂವತ್ತು ದಾಟಿದ ಮೇಲೆ. ಉಣ್ಣೆ ಹಿಂಜುವಾಗ ಏಳುವ ದೂಳು ಎದೆಯಲ್ಲಿ ಕೂತು ಉಬ್ಬಸವಾಯಿತು. ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರಲು ಒಪ್ಪುವುದಿಲ್ಲ. ಬಂದವರಿಗಷ್ಟೇ ಗೊತ್ತು ಅದರ ಕಷ್ಟ. ಹೊಸದುರ್ಗದಲ್ಲಿ ಒಬ್ಬ ಡಾಕ್ಟರಿದ್ದರು. ಅವರ ಶಾಪಿನ ಮುಂದಿನ ಬೆಂಚಿನ ಮೇಲೆ ಬಗ್ಗಿ ಕೂತು, ಮೊಣಕಾಲ ಮೇಲೆ ಮೊಣಕೈ ಊರಿ, ನನ್ನ ಸರದಿ ಬರುವತನಕ ನೆಲ ನೋಡುತ್ತ ಕಾಯುತ್ತಿದ್ದೆ. ಅವರು ದಮ್ಮಿನ ಮಾತ್ರೆ ಬರೆದುಕೊಟ್ಟರು. ಗುಣ ಕಾಣಲಿಲ್ಲ ಎಂದಾಗ ಒಂದಿದ್ದದ್ದು ಎರಡಾಯಿತು, ಆಮೇಲೆ ಮಧ್ಯಾಹ್ನಕ್ಕೂ ಬಂತು. ಹೋದಾಗಲೆಲ್ಲ "ಬೀಡಿ ಬಿಡಯ್ಯ" ಎಂದು ಗದರುತ್ತಿದ್ದರು. ಗದರುವುದು ಅವರ ಅಭ್ಯಾಸ, ತಲೆಯಾಡಿಸುವುದು ನನ್ನ ಅಭ್ಯಾಸ. ಶಾಪಿನ ಮೆಟ್ಟಿಲು ಇಳಿದೊಡನೆ ಒಂದು ಹಚ್ಚಿಕೊಳ್ಳುತ್ತಿದ್ದೆ. ಅಷ್ಟು ಮಾತ್ರೆ, ಅಷ್ಟು ಬೀಡಿ, ಎರಡೂ ಸೇರಿ ಹೇಗೋ ಮಗ್ಗ ನಡೆಯುತ್ತಿತ್ತು.

ಗದ್ದುಗೆಗೆ ತಿಂಗಳಿರುವಾಗ ಗುಡಿಯಲ್ಲಿ ಎಲ್ಲರೂ ಸೇರಿದ್ದೆವು. ನಾನು ಹೊಸ್ತಿಲ ಹೊರಗೆ ಬೀಡಿ ಹಿಡಿದು ಕೂತಿದ್ದೆ. ಕೆಂಚಪ್ಪ ಎದ್ದು ನಿಂತ.

"ಪೂಜಾರಪ್ಪ, ಒಂದು ಮಾತು. ಈ ಮೈಲಾರಿ ಕೆಮ್ಮೋದು ಊರಿಗೆಲ್ಲ ಕೇಳ್ತೈತೆ. ಕ್ಷಯ ಐತೋ ಏನೋ ಯಾರಿಗ್ಗೊತ್ತು. ಅವ್ನ ಉಗುಳು ಸಿಡಿದ ಕಂಬಳಿ ಮ್ಯಾಲೆ ದೇವ್ರನ್ನ ಕೂರಿಸ್ತೀರೇನು?"

"ಕ್ಷಯ ಅಲ್ಲಲೇ, ದಮ್ಮು" ಅಂದೆ. ಅನ್ನುವಷ್ಟರಲ್ಲಿ ಕೆಮ್ಮು ಬಂತು. ಹಾಳು ಕೆಮ್ಮು, ಅವನ ಪರ ಸಾಕ್ಷಿ ಹೇಳಲು ಕಾದಿದ್ದ ಹಾಗೆ ಬಂತು. ಪಕ್ಕದಲ್ಲಿದ್ದವರು ಮೆಲ್ಲಗೆ ಸರಿದು ಕೂತರು. ನನ್ನ ಮದುವೆಯಲ್ಲಿ ಉಂಡವರು, ನನ್ನ ಕಂಬಳಿ ಹೊದ್ದು ಚಳಿ ಕಳೆದವರು ಸರಿದು ಕೂತರು.

ಪೂಜಾರಪ್ಪ ಕೆಟ್ಟವನಲ್ಲ, ಪುಕ್ಕಲ. "ಈ ವರ್ಸ ಕೆಂಚಪ್ಪ ನೇಯ್ಲಿ. ನೀನು ಹುಷಾರಾಗು ಮೈಲಾರಪ್ಪ, ಆಮ್ಯಾಲೆ ನೋಡಾಣ" ಅಂದ.

ನಮ್ಮಲ್ಲಿ ಛಲ ತೊಡುವವರು ತಮಗೆ ಬಹಳ ಪ್ರಿಯವಾದದ್ದನ್ನು ಗುಡಿಯ ಮುಂದೆ ಬಿಡುವ ಪದ್ಧತಿಯಿದೆ. ಅಂದುಕೊಂಡದ್ದು ಆಗುವವರೆಗೆ ಅದನ್ನು ಮುಟ್ಟುವಂತಿಲ್ಲ. ಕೆಲವರು ಎಲೆಅಡಿಕೆ ಬಿಡುತ್ತಾರೆ, ಕೆಲವರು ಬಾಡು ಬಿಡುತ್ತಾರೆ. ನನಗೆ ಬೀಡಿಗಿಂತ ಪ್ರಿಯವಾದದ್ದು ಲೋಕದಲ್ಲಿ ಇರಲಿಲ್ಲ. ಕೈಯಲ್ಲಿದ್ದದ್ದನ್ನು ಗುಡಿಯ ಮೆಟ್ಟಿಲಿಗೆ ಒತ್ತಿ ಆರಿಸಿದೆ.

"ನನ್ನ ಕಂಬಳಿ ಗದ್ದುಗೆ ಮ್ಯಾಲೆ ಬೀಳೋ ತಂಕ ಬೀಡಿ ಮುಟ್ಟಲ್ಲ. ಮುಟ್ಟಿದ್ರೆ ನಾನು ನಮ್ಮಪ್ಪಗೆ ಹುಟ್ಟಿದೋನಲ್ಲ."

"ನೋಡಾಣ ತಗಾ" ಅಂದ ಕೆಂಚಪ್ಪ, ತನ್ನ ಬೀಡಿ ಹಚ್ಚುತ್ತ.

ಹೆಂಡತಿ ಹಾಲಮ್ಮನಿಗೆ ಮೊದಲು ಸಂತೋಷವೇ ಆಯಿತು. ಯಾವ ನೆಪಕ್ಕಾದರೂ ಆಗಲಿ, ಬಿಟ್ಟರಲ್ಲ ಎಂದಳು. ಬಾಯಿ ಬೀಡಿ ಬೇಡಿದಾಗಲೆಲ್ಲ ಬೆಲ್ಲದ ಕಾಫಿ ಕಾಸಿ ಕೊಟ್ಟಳು. ಕಡು ಕಾಫಿ ಕುಡಿದರೆ ದಮ್ಮು ಇಳಿಯುತ್ತದೆ ಎಂದು ಹೊಸದುರ್ಗದ ಡಾಕ್ಟರೂ ಹೇಳಿದ್ದರಿಂದ ನಾನು ಲೋಟದ ಮೇಲೆ ಲೋಟ ಇಳಿಸಿದೆ. ಒಲೆಯ ಮೇಲಿನ ಪಾತ್ರೆ ಇಳಿಯುತ್ತಲೇ ಇರಲಿಲ್ಲ. ಮೊದಲ ಕೆಲವು ದಿನ ಎದೆ ನಿಜವಾಗಿ ಹಗುರಾಯಿತು. ಕೆಂಚಪ್ಪ ಬಾಗಿಲ ಮುಂದೆ ಹಾಯುವಾಗ ಬೇಕೆಂದೇ ಗಟ್ಟಿಯಾಗಿ ಉಸಿರೆಳೆದು ತೋರಿಸುತ್ತಿದ್ದೆ.

ವಾರ ಕಳೆಯುತ್ತಿದ್ದಂತೆ ಕೈ ನಡುಗಲು ಶುರುವಾಯಿತು. ಮೊದಲು ಬೆರಳ ತುದಿ, ಆಮೇಲೆ ಇಡೀ ಕೈ. ಹರಿದ ಎಳೆ ಹಿಡಿದು ಗಂಟು ಹಾಕಲು ಹೋದರೆ ಎಳೆ ಒಂದು ಕಡೆ, ಬೆರಳು ಒಂದು ಕಡೆ. ನೇಯುವವನಿಗೆ ಇದಕ್ಕಿಂತ ಕೆಟ್ಟದ್ದು ಇನ್ನೇನಿದೆ? ಎದೆ ಡವಡವ ಹೊಡೆದುಕೊಳ್ಳುವುದು ಅಂಗಿಯ ಮೇಲೇ ಕಾಣುತ್ತಿತ್ತು. ತಿಂದದ್ದೆಲ್ಲ ವಾಂತಿ. ನಿದ್ದೆ ಎನ್ನುವುದು ಮರೆತೇ ಹೋಯಿತು. ಮಾತ್ರೆಯನ್ನು ಮಾತ್ರ ತಪ್ಪಿಸಲಿಲ್ಲ. ವಾಂತಿಯಾದರೆ ಇನ್ನೊಂದು ನುಂಗುತ್ತಿದ್ದೆ. ಬೇಗ ಹುಷಾರಾಗಬೇಕಿತ್ತಲ್ಲ.

ಹಾಲಮ್ಮನಿಗೆ ಅನುಮಾನವೇ ಇರಲಿಲ್ಲ. "ಇದು ಆ ಗೋಡೆ ಆಚೆಯೋರ ಮಾಟ" ಎಂದಳು. ದೃಷ್ಟಿ ತೆಗೆಯಲೆಂದು ಕೆಂಡಕ್ಕೆ ಒಣಮೆಣಸಿನಕಾಯಿ ಹಾಕಿದಳು. ಆ ಘಾಟಿಗೆ ನಾನು ಬೀದಿಗೆ ಓಡಿ ಬಂದು ಬೇಲಿ ಹಿಡಿದು ನಿಂತೆ. ಅಲ್ಲಿ ಕೆಂಚಪ್ಪ ನಿಂತಿದ್ದ. "ಬೀಡಿ ಸೇದಿ ಸತ್ತೋರನ್ನ ಕಂಡೀನಿ, ಬಿಟ್ಟು ಸಾಯೋನ್ನ ನಿನ್ನೊಬ್ಬನ್ನೇ ನೋಡಿದ್ದು ಕಣ್ಲಾ" ಎಂದು ನಕ್ಕ. ಆ ನಗು ನನ್ನ ಕಿವಿಯಲ್ಲಿ ಈಗಲೂ ಇದೆ. ಹಾವಿನ ಹಗೆ ಹನ್ನೆರಡು ವರುಷ ಎನ್ನುತ್ತಾರೆ. ಹಾವು ಪಾಪದ ಪ್ರಾಣಿ, ಬೇಗ ಮರೆಯುತ್ತದೆ.

ಹೊಸದುರ್ಗದ ಡಾಕ್ಟರ ಬೆಂಚಿಗೆ ಮತ್ತೆ ಹೋದೆ. ಅವರು ಮೇಜಿನ ಆಚೆಯಿಂದಲೇ ನೋಡಿ, "ಬೀಡಿ ಬಿಟ್ಟೋರಿಗೆಲ್ಲ ಹಿಂಗೇ. ನರದ ದೌರ್ಬಲ್ಯ. ಧೈರ್ಯವಾಗಿರು, ಮಾತ್ರೆ ತಪ್ಪಿಸಬೇಡ" ಎಂದು ಕಳಿಸಿದರು. ಒಳಗೆ ಇದ್ದದ್ದು ಎರಡು ನಿಮಿಷವೂ ಇಲ್ಲ. ಊರಿಗೆ ಬಂದ ಮೇಲೆ ಹಾಲಮ್ಮ ನನ್ನ ತಲೆದಿಂಬಿನ ಕೆಳಗೆ ಒಂದು ಕಟ್ಟು ಬೀಡಿ ಇಟ್ಟಿದ್ದು ಸಿಕ್ಕಿತು.

"ಯಾರ್ಗೂ ಹೇಳಲ್ಲ, ಒಂದು ಸೇದ್ರಿ" ಅಂದಳು. "ನಿಮ್ಮಿಬ್ರ ಹಟದಾಗೆ ನಾನು ತಾಳಿ ಕಳ್ಕಬೇಕಾ?"

ಕಟ್ಟನ್ನು ಒಲೆಗೆ ಎಸೆದೆ. ಅವಳು ಅತ್ತಳು. ನನಗೆ ಅವಳ ಕಣ್ಣೀರಿಗಿಂತ ಕೆಂಚಪ್ಪನ ನಗು ದೊಡ್ಡದಾಗಿ ಕಾಣುತ್ತಿದ್ದ ಕಾಲ ಅದು.

ಎರಡು ದಿನ ಬಿಟ್ಟು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತಿದ್ದವನು ಹಾಗೇ ಒಂದು ಕಡೆ ವಾಲಿದೆನಂತೆ. ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂತಂತೆ. ನನಗೆ ನೆನಪಿರುವುದು ಅಕ್ಕಿ ಮೂಟೆ ಹೇರಿದ ಲಾರಿಯ ಹಿಂದೆ ಮಲಗಿ ಜಿಲ್ಲಾಕೇಂದ್ರ ದುರ್ಗದ ದಾರಿಯಲ್ಲಿ ಆಕಾಶ ನೋಡುತ್ತಿದ್ದದ್ದು. ಬೇರೆಯವರು ಇಂಥ ಹೊತ್ತಿನಲ್ಲಿ ದೇವರ ಹೆಸರು ಹೇಳಿ ಉಸಿರೆಳೆಯುತ್ತಾರೆ. ನಾನು ಕೆಂಚಪ್ಪನ ಹೆಸರು ಹೇಳಿ ಎಳೆದೆ. ಸತ್ತರೆ ತೀರ್ಥ ಶಾಶ್ವತವಾಗಿ ಅವನದಾಗುತ್ತದೆ ಎಂಬ ಒಂದೇ ಯೋಚನೆ ಇತ್ತು, ಅದೇ ನನ್ನನ್ನು ದುರ್ಗ ಮುಟ್ಟಿಸಿತು ಎಂದು ಇವತ್ತಿಗೂ ನಂಬಿದ್ದೇನೆ.

ದೊಡ್ಡಾಸ್ಪತ್ರೆಯ ವರಾಂಡದಲ್ಲಿ ಜನವೋ ಜನ. ಫಿನಾಯಿಲಿನ ವಾಸನೆ. ಹೊರಗೆ ಹುಣಸೆ ಮರದ ಕೆಳಗೆ ಮೂರು ಕಲ್ಲು ಹೂಡಿ ರೋಗಿಗಳ ಕಡೆಯವರು ಅಡುಗೆ ಮಾಡಿಕೊಳ್ಳುತ್ತಿದ್ದರು. ಹೊಳಲ್ಕೆರೆ ಕಡೆಯ ಒಬ್ಬಾಕೆ, ಯಾರ ತಾಯಿಯೋ ಏನೋ, ಹಾಲಮ್ಮನನ್ನು ಕರೆದು ತನ್ನ ಒಲೆಯ ಪಕ್ಕ ಕೂರಿಸಿಕೊಂಡು ಬಿಸಿ ಮುದ್ದೆ ಕೊಟ್ಟಳು. ಪಕ್ಕದ ಮಂಚದಲ್ಲಿ ಆದಿವಾಲದ ಕುರಿಕಾಯುವ ಅಜ್ಜ, ಕಾಲು ಮುರಿದುಕೊಂಡವನು. ಅವನ ಕಿವಿಯ ಮೇಲೆ ಸದಾ ಒಂದು ಬೀಡಿ. ನನ್ನ ಛಲದ ಕತೆ ಕೇಳಿದ ಮೇಲೆ ಅದನ್ನು ಜೇಬಿಗೆ ಹಾಕಿಕೊಂಡ. "ನಿನ್ ಕಣ್ಣಿಗೆ ಬೀಳೋದು ಬ್ಯಾಡ" ಅಂದ. ಅಲ್ಲಿದ್ದಷ್ಟು ದಿನ ನನ್ನೆದುರು ಸೇದಲಿಲ್ಲ. ಇಂಥವರ ಹೆಸರು ನನಗೆ ಮರೆತುಹೋಗಿದೆ, ಶತ್ರುವಿನ ಹೆಸರು ಮರೆತಿಲ್ಲ.

ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಚಿಕ್ಕ ವಯಸ್ಸು, ಮೈಸೂರು ಕಡೆಯ ಮಾತು. ಸಲೈನ್ ಹಾಕಿಸಿ, ಮಾತ್ರೆಯನ್ನೆಲ್ಲ ನಿಲ್ಲಿಸಿ, ಎಕ್ಸ್‌ರೇ ತೆಗೆಸಿದರು. ಎರಡನೆಯ ದಿನ ಮಂಚದ ಅಂಚಿನಲ್ಲಿ ಕೂತು ನನ್ನ ಕೈ ತಮ್ಮ ಕೈಯಲ್ಲಿ ಇಟ್ಟುಕೊಂಡು ನಡುಕ ನೋಡಿದರು. ಜನ ನನ್ನಿಂದ ಸರಿದು ಕೂತ ಮೇಲೆ ಹೆದರದೆ ಮುಟ್ಟಿದವರು ಅವರೇ ಮೊದಲು.

"ಈಚೆಗೆ ಏನಾದ್ರೂ ಬದಲಾಯಿಸಿದ್ರಾ? ಹೊಸ ಔಷಧಿ, ನಾಟಿ ಮದ್ದು?"

"ಏನಿಲ್ಲ" ಅಂದೆ.

"ಬೀಡಿ ಬಿಟ್ಟವ್ರೆ ಡಾಕ್ಟ್ರಮ್ಮ" ಅಂದಳು ಹಾಲಮ್ಮ. "ಬೀಡಿ ಬಿಟ್ಟು ಕಾಫಿ ಹಿಡ್ದವ್ರೆ. ಹಗಲೆಲ್ಲ ಕಾಫಿ."

ಡಾಕ್ಟರಮ್ಮ ನನ್ನನ್ನೇ ನೋಡಿದರು. "ಮಾತ್ರೆ?"

"ಅದು ಮೊದ್ಲಿನಂಗೇ. ಒಂದೂ ತಪ್ಪಿಸಿಲ್ಲ" ಎಂದು ಹೆಮ್ಮೆಯಿಂದ ಹೇಳಿದೆ.

"ಅಲ್ಲೇ ಆಗಿರೋದು" ಎಂದರು. ಆಮೇಲೆ ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಬೀಡಿ ಸೇದುವವರ ಮೈ ಈ ಮಾತ್ರೆಯನ್ನು ಬೇಗ ಬೇಗ ಕರಗಿಸಿ ಹೊರಗೆ ಹಾಕುತ್ತದೆ. ಅದಕ್ಕೇ ನನಗೆ ಒಂದು ಸಾಲದೆ ಎರಡು, ಮೂರು ಹೊತ್ತು ಬೇಕಾಗಿತ್ತು. ಬೀಡಿ ಬಿಟ್ಟಮೇಲೆ ಮೈ ಆ ಅವಸರ ಬಿಟ್ಟಿತು. ಒಳಗೆ ಹೋದ ಮಾತ್ರೆ ಕರಗುವ ಮೊದಲೇ ಮೇಲೆ ಇನ್ನೊಂದು ಬೀಳುತ್ತಿತ್ತು, ಹೀಗೆ ಕೂಡುತ್ತ ಕೂಡುತ್ತ ವಿಷವಾಯಿತು. "ಕಾಫಿನೂ ಇದೇ ಮಾತ್ರೆ ಜಾತೀದು. ಒಂದೇ ಥರ ಎದೆ ಬಡಿಸುತ್ತೆ, ಕೈ ನಡುಗಿಸುತ್ತೆ. ಇದು ಇರೋವಾಗ ಅದೂ ಬಂದು ಸೇರ್ಕೊಂಡ್ರೆ ಇನ್ನೂ ಕಷ್ಟ" ಎಂದರು. ದಾಯಾದಿಗಳು ಎಂದು ನನಗೆ ಅರ್ಥವಾಯಿತು. ಹೊರಗೊಬ್ಬ ಸಾಲದೆ ಹೊಟ್ಟೆಯೊಳಗೂ ಇಬ್ಬರನ್ನು ಸಾಕಿದ್ದೆ.

ನಿಜ ಹೇಳುತ್ತೇನೆ, ನನಗೆ ಸಮಾಧಾನಕ್ಕಿಂತ ನಿರಾಶೆಯೇ ಹೆಚ್ಚಾಯಿತು. ಕೆಂಚಪ್ಪ ಮಾಟ ಮಾಡಿಸಿದ್ದಾನೆ, ಇಲ್ಲವೇ ಕಾಫಿಪುಡಿಗೆ ಏನೋ ಬೆರೆಸಿದ್ದಾನೆ ಎಂದು ಮನಸ್ಸಿನಲ್ಲೇ ಕಟ್ಟಿಕೊಂಡು, ಹುಷಾರಾದ ದಿನವೇ ಅವನ ಮಗ್ಗ ಮುರಿಯಬೇಕೆಂದು ಲೆಕ್ಕ ಹಾಕಿದ್ದೆ.

"ಹಂಗಾದ್ರೆ ಇದಕ್ಕೆ ಯಾರನ್ನ ಹಿಡಿಯೋದು ಡಾಕ್ಟ್ರಮ್ಮ?"

"ಯಾರನ್ನೂ ಹಿಡಿಯೋದು ಬೇಡ. ಬೀಡಿ ಬಿಟ್ಟಿದ್ದು ಒಳ್ಳೇದೇ ಆಯ್ತು. ಬಿಡೋಕೆ ಮುಂಚೆ ಡಾಕ್ಟರಿಗೆ ಹೇಳಿ ಮಾತ್ರೆ ಇಳಿಸಿಕೋಬೇಕಿತ್ತು, ಅಷ್ಟೆ. ಈಗಿನ ಮೈಗೆ ತಕ್ಕಷ್ಟು ಕೊಡ್ತೀನಿ. ನೀವು ಒಂದಿನ ಸೇದಿ ಒಂದಿನ ಬಿಟ್ಟು ಮಾಡಿದ್ರೆ ನನಗೂ ಅಂದಾಜು ಸಿಗಲ್ಲ."

ನಡುಕ ನಿಂತಿತು. ಅರ್ಧಕ್ಕೂ ಕಡಿಮೆ ಮಾತ್ರೆಯಲ್ಲಿ ಉಸಿರು ಮೊದಲಿಗಿಂತ ಚೆನ್ನಾಗಿ ಆಡತೊಡಗಿತು. ಕಾಫಿ ಬೆಳಿಗ್ಗೆ ಒಂದು ಸಣ್ಣ ಲೋಟಕ್ಕೆ ಇಳಿಯಿತು. ಅಷ್ಟರಲ್ಲಿ ಊರಿನಲ್ಲಿ ಗದ್ದುಗೆ ಮುಗಿದು ಕೆಂಚಪ್ಪನ ಕಂಬಳಿ ಬಿದ್ದು ಅವನು ಮೊದಲ ತೀರ್ಥ ಕುಡಿದಿದ್ದ. ಸುದ್ದಿ ತಂದ ಭಾವಮೈದ ಹೇಳಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದ.

ಊರಿಗೆ ಹೋಗುವ ದಾರಿಯಲ್ಲಿ ಹೊಸದುರ್ಗದಲ್ಲಿ ಇಳಿದೆ. ಆ ಡಾಕ್ಟರ ಬೆಂಚಿನ ಮೇಲೆ ಕೂತೆ, ಸರದಿಗಾಗಿ ಅಲ್ಲ. ಕಾಯುತ್ತಿದ್ದವರಿಗೆಲ್ಲ ಗಟ್ಟಿಯಾಗಿ ಹೇಳಿದೆ: "ಒಳಗೆ ಹೋದ್ಮೇಲೆ ಎಷ್ಟು ಬೀಡಿ ಸೇದ್ತೀರಿ, ಎಷ್ಟು ಕಾಫಿ ಕುಡೀತೀರಿ ಹೇಳ್ರಿ. ಬಿಟ್ಟಿದ್ರೂ ಹೇಳ್ರಿ. ಅವ್ರು ಕೇಳಲ್ಲ, ನೀವೇ ಹೇಳ್ಬೇಕು." ಡಾಕ್ಟರು ಹೊರಗೆ ಬಂದು ಯಾರದು ಗಲಾಟೆ ಎಂದರು. "ನರದ ದೌರ್ಬಲ್ಯದೋನು ಸ್ವಾಮಿ, ಬದುಕಿ ಬಂದೀನಿ" ಎಂದೆ. ನಾನು ಕೊಟ್ಟ ದೊಡ್ಡಾಸ್ಪತ್ರೆಯ ಚೀಟಿ ಓದುತ್ತ ಅವರ ಮುಖ ಸಣ್ಣದಾಯಿತು. ನನಗೆ ಬಹಳ ಹಿತವಾಯಿತು. ಆಮೇಲೆ ಅವರು ಎಲ್ಲರನ್ನೂ ಬೀಡಿ ಎಷ್ಟು, ಕಾಫಿ ಎಷ್ಟು ಎಂದು ಕೇಳಲು ಶುರು ಮಾಡಿದರೆಂದು ತಿಳಿಯಿತು.

ಊರಿನಲ್ಲಿ ಅಷ್ಟು ಸುಲಭವಾಗಲಿಲ್ಲ. ಎಕ್ಸ್‌ರೇ ಹಾಳೆಯನ್ನು ಗುಡಿಯ ಮುಂದೆ ಬಿಸಿಲಿಗೆ ಹಿಡಿದು, ಕ್ಷಯ ಇಲ್ಲ ಎಂದು ಡಾಕ್ಟರೇ ಹೇಳಿದ್ದಾರೆ ಎಂದೆ. ಪೂಜಾರಪ್ಪ ತಿರುಗಿಸಿ ಮುರುಗಿಸಿ ನೋಡಿದ. "ಎಲುಬು ಬಿಟ್ಟು ಏನೂ ಕಾಣಲ್ಲಪ್ಪ ಇದ್ರಾಗೆ."

"ಯಾರ ಎಲುಬೋ ಏನೋ" ಅಂದ ಕೆಂಚಪ್ಪ. ಎಲ್ಲರೂ ನಕ್ಕರು.

ಮನೆಗೆ ಬಂದು ಮಗ್ಗಕ್ಕೆ ಕೂತೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದುಕೊಂಡು ನೇಯ್ದೆ. ಕಂಬಳಿಗಳನ್ನು ದುರ್ಗದ ಸಂತೆಯಲ್ಲಿ ಮಾರಿದೆ, ಊರಿನಲ್ಲಿ ಕೊಳ್ಳುವವರಿರಲಿಲ್ಲ. ಗೋಡೆಯಾಚೆ ಕೆಂಚಪ್ಪನ ಲಾಳಿಯ ಸದ್ದಿನ ನಡುವೆ ಇನ್ನೊಂದು ಸದ್ದು ಕೇಳಲು ಶುರುವಾದದ್ದು ಮಾಗಿಯಲ್ಲಿ. ಆ ಸೀಟಿ, ಉಸಿರು ಹೊರಗೆ ಬರಲಾರದೆ ಒದ್ದಾಡುವ ಆ ಸೀಟಿ ನನಗೆ ಚೆನ್ನಾಗಿ ಗೊತ್ತು. ಅದೇ ಉಣ್ಣೆ, ಅದೇ ದೂಳು, ಅದೇ ಬೀಡಿ. ಗೋಡೆಗೆ ಕಿವಿಯಿಟ್ಟು ಕೇಳಿದೆ. ಹಬ್ಬದ ವಾಲಗ ಕೇಳಿದಷ್ಟು ಸಂತೋಷವಾಯಿತು.

ಒಂದು ಮಧ್ಯಾಹ್ನ ಅವನೇ ಬಂದು ನನ್ನ ಹೊಸ್ತಿಲ ಮೇಲೆ ಬಾಗಿಲು ಹಿಡಿದು ನಿಂತ. ತುಟಿ ಕಪ್ಪಾಗಿತ್ತು. ಕುಂತ್ಕ ಎನ್ನಲಿಲ್ಲ. ಹಿಡಿದಿದ್ದ ಅಂಚು ಮುಗಿಯುವತನಕ ಲಾಳಿ ಎಸೆಯುತ್ತಲೇ ಇದ್ದೆ.

"ಮೈಲಾರಿ... ಆ ಮಾತ್ರೆ ಒಂದಿಷ್ಟು ಕೊಡಪ್ಪ."

ಹಳೆಯ ಮಾತ್ರೆಗಳು ಗೋಡೆಯ ಮಾಡದಲ್ಲಿ ಡಬ್ಬಿ ತುಂಬ ಇದ್ದವು. 'ತಗೋ, ಎರಡೆರಡು ನುಂಗು, ಬೀಡಿ ಬಿಡು, ಕಾಫಿ ಚೆನ್ನಾಗಿ ಕುಡಿ.' ಇಷ್ಟು ಅಂದಿದ್ದರೆ ಸಾಕಿತ್ತು. ಕೇಳಿದವರು ಒಳ್ಳೆಯ ಬುದ್ಧಿ ಹೇಳಿದ ಎಂದೇ ಅನ್ನುತ್ತಿದ್ದರು. ನಾನು ಪಟ್ಟ ನಡುಕ, ವಾಂತಿ, ನೊರೆ ಎಲ್ಲವೂ ಅವನಿಗೆ ಒಂದಿಷ್ಟೂ ಕಡಿಮೆಯಿಲ್ಲದೆ ಸಿಗುತ್ತಿತ್ತು. ಮಾತು ನಾಲಿಗೆ ತುದಿಗೆ ಬಂದಿತ್ತು. ಹಾಲಮ್ಮ ಒಳಗಿನಿಂದ ಬಂದು ನನ್ನ ಮುಖ ನೋಡಿದಳು. ಅವನಿಗೆ ನೀರು ಕೊಟ್ಟು ಗೋಡೆಗೆ ಒರಗಿಸಿ ಕೂರಿಸಿದಳು.

ನನ್ನನ್ನು ತಡೆದದ್ದು ದಯೆಯಲ್ಲ. ಕೆಂಚಪ್ಪ ಸತ್ತರೆ ಗದ್ದುಗೆ ನನಗೆ ಬರುತ್ತದೆ, ಆದರೆ ಬರುವುದನ್ನು ನೋಡಲು ಅವನಿರುವುದಿಲ್ಲ. ಹೆಣ ಸೋಲುವುದಿಲ್ಲ. ನನಗೆ ಅವನು ಬದುಕಿರಬೇಕಿತ್ತು.

"ಮಾತ್ರೆ ಕೊಡಲ್ಲ" ಅಂದೆ. "ದುರ್ಗಕ್ಕೆ ಹೋಗು. ಅಲ್ಲಿ ಡಾಕ್ಟ್ರಮ್ಮ ಅವ್ರೆ. ಎಷ್ಟು ಬೀಡಿ ಸೇದ್ತೀಯ ಸುಳ್ಳು ಹೇಳ್ದಂಗೆ ಹೇಳು. ಬಿಡೋದಾದ್ರೆ ಬಿಡೋಕೆ ಮುಂಚೆ ಹೇಳು, ಬಿಟ್ಟ ಮ್ಯಾಲಲ್ಲ. ಕಾಫಿ ಎಷ್ಟು ಅಂತನೂ ಹೇಳು."

"ಮಾತ್ರೆಗೂ ಬೀಡಿಗೂ ಏನ್ಲಾ ಸಂಬಂಧ?"

"ನಿಂಗೂ ನಂಗೂ ಇರೋ ಸಂಬಂಧ. ಒಂದೇ ಮನೆಯಾಗೆ ಇದ್ದು ಒಂದನ್ನೊಂದು ಕೊಲ್ತವೆ. ಎದ್ದೇಳು, ನಾಳೆ ಮೊದ್ಲ ಬಸ್ಸಿಗೆ ಹೋಗು."

ಹೋದ. ಹತ್ತಾರು ದಿನ ಇದ್ದು ಬಂದ. ಗದ್ದುಗೆಗೆ ತಿಂಗಳಿರುವಾಗ ಗುಡಿಯಲ್ಲಿ ಮತ್ತೆ ಎಲ್ಲರೂ ಸೇರಿದೆವು. ನಾನು ಮೂಲೆಯಲ್ಲಿ ಕೂತು ಬಾಯಿ ಬಿಡಲಿಲ್ಲ, ಬಿಡುವ ಅಗತ್ಯವೂ ಬೀಳಲಿಲ್ಲ. ಕೆಂಚಪ್ಪ ಕೆಮ್ಮುತ್ತಲೇ ಒಳಗೆ ಬಂದ. ಅವನ ಪಕ್ಕದವರು ಮೆಲ್ಲಗೆ ಸರಿದು ಕೂತರು. ಯಾರೋ ಹಿಂದಿನಿಂದ, "ಈ ಸಲ ಇವ್ನಿಗೂ ಬ್ಯಾಡ, ಇವ್ನಿಗೂ ಕ್ಷಯ ಐತೆ" ಅಂದರು.

ಕೆಂಚಪ್ಪ ಎದ್ದು ನಿಂತ. ಸಿಟ್ಟಿಗೆ ಅವನ ಕುತ್ತಿಗೆಯ ನರ ಉಬ್ಬಿತ್ತು. "ಕ್ಷಯ ಅಲ್ಲ. ದಮ್ಮು. ದುರ್ಗದಾಗೆ ಫೋಟೋ ಹಿಡ್ದು ನೋಡವ್ರೆ. ಉಣ್ಣೆ ದೂಳಿಂದ ಬರೋದು, ಯಾರ್ಗೂ ಅಂಟಲ್ಲ. ಮಗ್ಗದೋರಿಗೆಲ್ಲ ಬರ್ತೈತೆ. ಗೊತ್ತಿಲ್ದೆ ಮಾತಾಡ್ಬ್ಯಾಡ್ರಿ."

ಪೂಜಾರಪ್ಪ ಅವನನ್ನು ನೋಡಿದ, ನನ್ನನ್ನು ನೋಡಿದ.

"ಹಂಗಾದ್ರೆ ಕೆಂಚಪ್ಪ, ಮೈಲಾರಪ್ಪಂದು?"

ಅವನು ಸುತ್ತ ನೋಡಿದ. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ನಾನು ಕಾದೆ. ಎರಡು ವರ್ಷದ ಉಬ್ಬಸದಲ್ಲಿ ನಾನು ಅಷ್ಟು ಆರಾಮವಾಗಿ ಉಸಿರಾಡಿದ ಗಳಿಗೆ ಇನ್ನೊಂದಿಲ್ಲ.

"ಅವ್ನದೂ ಅಲ್ಲ" ಅಂದ ನೆಲ ನೋಡುತ್ತ.

"ಜೋರಾಗಿ ಹೇಳಪ್ಪ, ನಂಗೆ ಕಿವಿ ಮಂದ" ಅಂದೆ. ನನ್ನ ಕಿವಿ ಚೆನ್ನಾಗಿಯೇ ಇದೆ. ಅವನು ಇನ್ನೊಮ್ಮೆ ಹೇಳಿದ.

ಆ ವರ್ಷ ನನ್ನ ಕಂಬಳಿ ಬಿತ್ತು, ಹಕ್ಕು ಮತ್ತೆ ನಮ್ಮ ಮನೆಗೆ ಬಂತು. ತೀರ್ಥ ಕುಡಿದು ಹೊರಗೆ ಬಂದಾಗ, ನಿನ್ನ ಛಲ ತೀರಿತಲ್ಲ, ಸೇದು ಎಂದು ಯಾರೋ ಬೀಡಿ ಕೊಟ್ಟರು. ಡಾಕ್ಟರಮ್ಮ ಕೊಟ್ಟಿರುವ ಮಾತ್ರೆ ಬೀಡಿಯಿಲ್ಲದ ಮೈಗೆ ಅಳೆದದ್ದು, ಬೇಡ ಎಂದೆ. ಕೆಂಚಪ್ಪನೂ ಬಿಟ್ಟ, ಡಾಕ್ಟರಮ್ಮನಿಗೆ ಹೇಳಿಯೇ ಬಿಟ್ಟ, ಮಾತ್ರೆ ಇಳಿಸಿಕೊಂಡ. ಅವನ ಕೈ ಒಂದು ದಿನವೂ ನಡುಗಲಿಲ್ಲ.

ನಮ್ಮಿಬ್ಬರಿಗೂ ಈಗ ತಲೆ ನೆರೆತಿದೆ. ಮಾತುಕತೆ ಇಲ್ಲ, ಆದರೆ ಗೋಡೆಯಾಚೆ ಅವನ ಸೀಟಿ ಜೋರಾದರೆ ಮಾತ್ರೆ ತಗೊಂಡನೋ ಇಲ್ಲವೋ ಕೇಳಿ ಬಾ ಎಂದು ಹಾಲಮ್ಮನನ್ನು ಓಡಿಸುತ್ತೇನೆ. ಅವಳಿಗೆ ಇದು ಪ್ರೀತಿಯಂತೆ ಕಾಣುತ್ತದೆ, ಕಾಣಲಿ. ಗದ್ದುಗೆಯ ದಿನ ಎಲ್ಲರ ಜೊತೆ ಅವನೂ ಬಂದು, ಏದುಸಿರು ಬಿಡುತ್ತ ಮಂಡಿಯೂರಿ, ನನ್ನ ಕಂಬಳಿಗೆ ಹಣೆ ಹಚ್ಚಿ ಏಳಬೇಕು. ನಾನು ಪಕ್ಕದಲ್ಲೇ ನಿಂತು ನೋಡುತ್ತೇನೆ. ಬೇರೆಯವರು ಬೀರಪ್ಪನ ಹತ್ತಿರ ಮಳೆ ಕೇಳುತ್ತಾರೆ, ಮಕ್ಕಳನ್ನು ಕೇಳುತ್ತಾರೆ. ನಾನು ಕೆಂಚಪ್ಪನಿಗೆ ಆಯುಸ್ಸು ಕೇಳುತ್ತೇನೆ.